ಮೊದ್ಲು ಸ್ಪೀಕರ್ರಾ, ರಿಸೀವರ್ರಾ? ಸರೌಂಡ್ ಸೌಂಡ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮನೇಲಿ ಸರೌಂಡ್ ಸೌಂಡ್ ಕೂರಿಸೋದರ ಬಗ್ಗೆನೇ ಇದ್ವು, ಹಾಗಾಗಿ ಉಳಿದಿದ್ದನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವತ್ತು ಪೂರ್ತಿ ಇದನ್ನೇ ಮಾತಾಡೋಣ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ. ಹೊಸಬರಿಗೆ ಒಂದು ಮಾತು: ರಿಸೀವರ್ ಅಂದ್ರೆ ಟಿವಿ, ಪ್ಲೇಯರುಗಳ ಸೌಂಡ್ ತಗೊಂಡು ಸ್ಪೀಕರುಗಳಿಗೆ ಹಂಚಿ ಓಡಿಸೋ ಡಬ್ಬ. 5.1 ಅಂದ್ರೆ ಎಡ, ಬಲ, ಸೆಂಟರ್, ಪಕ್ಕದಲ್ಲೋ ಹಿಂದೆಯೋ ಇಡೋ ಎರಡು ಸರೌಂಡ್ ಸೇರಿ ಐದು ಸ್ಪೀಕರ್, ಜೊತೆಗೆ ಬೇಸಿಗೆ ಅಂತಲೇ ಇರೋ ಒಂದು ಸಬ್‌ವೂಫರ್.

ಪ್ರಶ್ನೆ: ನಮ್ಮ ಹಾಲ್ 12 ಅಡಿ ಅಗಲ, 15 ಅಡಿ ಉದ್ದ. ಟಿವಿ ಆಗ್ಲೇ ಇದೆ, ಈಗ 5.1 ಹಾಕ್ಬೇಕು ಅಂತ ಹೊರಟಿದೀನಿ. ಅಂಗಡೀಲಿ ಕೇಳಿದ್ರೆ ಮೊದ್ಲು ಜಾಸ್ತಿ ವ್ಯಾಟ್ ಇರೋ 7.2 ರಿಸೀವರ್ ತಗೊಂಬಿಡಿ, ಸ್ಪೀಕರ್ ಯಾವ್ದಾದ್ರೂ ನಡಿಯತ್ತೆ ಅಂತಾರೆ. ಒಂದು ರಿಸೀವರ್ ಮೇಲೆ ಚಾನೆಲ್ಲಿಗೆ 80 ವ್ಯಾಟ್ ಅಂತಿದೆ, ಇನ್ನೊಂದರ ಮೇಲೆ 150. ಯಾವುದಕ್ಕೆ ಎಷ್ಟು ದುಡ್ಡು ಹಾಕ್ಲಿ?

ಉತ್ತರ: ಸರ್, ಅವರು ಹೇಳಿದ್ದಕ್ಕೆ ಉಲ್ಟಾ ಮಾಡಿ. ಮೊದ್ಲು ಸ್ಪೀಕರ್, ಆಮೇಲೆ ಆ ಸ್ಪೀಕರಿಗೆ ಹೊಂದೋ ರಿಸೀವರ್. ನಿಮ್ಮ ಕಿವಿಗೆ ಬೀಳೋ ಸೌಂಡ್ ಹೇಗಿರತ್ತೆ ಅಂತ ತೀರ್ಮಾನ ಮಾಡೋದು ಸ್ಪೀಕರ್ ಮತ್ತೆ ನಿಮ್ಮ ರೂಮು, ಎರಡು ಒಳ್ಳೆ ರಿಸೀವರ್ ಮಧ್ಯೆ ಕೇಳಿಸೋ ವ್ಯತ್ಯಾಸಕ್ಕಿಂತ ಎರಡು ಸ್ಪೀಕರ್ ಮಧ್ಯೆ ಕೇಳಿಸೋ ವ್ಯತ್ಯಾಸ ಎಷ್ಟೋ ಪಾಲು ಜಾಸ್ತಿ. ಇನ್ನೊಂದೇನಂದ್ರೆ ಒಳ್ಳೆ ಸ್ಪೀಕರ್ ಚೆನ್ನಾಗಿ ನೋಡ್ಕೊಂಡ್ರೆ 20 ವರ್ಷ ಆರಾಮಾಗಿ ಬಾಳತ್ತೆ, ರಿಸೀವರ್ ಹಾಗಲ್ಲ, ಎಚ್‌ಡಿಎಂಐ ಹೊಸ ವರ್ಷನ್ ಬಂತು, ಹೊಸ ಫಾರ್ಮ್ಯಾಟ್ ಬಂತು ಅಂತ ಕೆಲವೇ ವರ್ಷದಲ್ಲಿ ಹಳೇದಾಗಿಬಿಡತ್ತೆ. ಬದಲಾಯಿಸ್ದೇ ಇಟ್ಕೊಳ್ಳೋ ವಸ್ತು ಮೇಲೆ ಜಾಸ್ತಿ ದುಡ್ಡು ಹಾಕೋದು ನ್ಯಾಯ. ನನ್ನ ಲೆಕ್ಕ ಕೇಳಿದ್ರೆ ಒಟ್ಟು ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಪೀಕರ್ ಮತ್ತೆ ಸಬ್‌ವೂಫರಿಗೆ ಹೋಗ್ಬೇಕು, ಅದರಲ್ಲೂ ಮುಂದಿನ ಮೂರು ಸ್ಪೀಕರಿಗೆ, ಅಂದ್ರೆ ಎಡ, ಬಲ, ಸೆಂಟರ್.

ಈಗ ಆ 80 ಮತ್ತೆ 150. ಡಬ್ಬದ ಮೇಲಿರೋ ದೊಡ್ಡ ನಂಬರ್ ಪಕ್ಕ ಸಣ್ಣ ಅಕ್ಷರದಲ್ಲಿ ಏನು ಬರ್ದಿದೆ ಅಂತ ಓದಿ. 80 ಇರೋ ಕಡೆ "8 ಓಮ್, 20 ಹರ್ಟ್ಸ್‌ನಿಂದ 20,000 ಹರ್ಟ್ಸ್, 2 ಚಾನೆಲ್, 0.08% ಡಿಸ್ಟಾರ್ಷನ್" ಅಂತಿದ್ದು, 150 ಇರೋ ಕಡೆ "6 ಓಮ್, 1 ಕಿಲೋಹರ್ಟ್ಸ್, 1 ಚಾನೆಲ್, 10% ಡಿಸ್ಟಾರ್ಷನ್" ಅಂತಿದ್ರೆ ಅವೆರಡೂ ಹೆಚ್ಚು ಕಮ್ಮಿ ಒಂದೇ ಶಕ್ತಿಯ ಮಷೀನ್ ಆಗಿರಬಹುದು, ಅಳೆದ ರೀತಿ ಬೇರೆ ಅಷ್ಟೆ. (ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ, ಅದು ಕಮ್ಮಿ ಆದಷ್ಟೂ ರಿಸೀವರ್ ಮೇಲೆ ಭಾರ ಜಾಸ್ತಿ.) 10% ಡಿಸ್ಟಾರ್ಷನ್ ಅಂದ್ರೆ ಸೌಂಡ್ ಆಗ್ಲೇ ಒಡಕಲಾಗಿರತ್ತೆ, ಆ ಮಟ್ಟದಲ್ಲಿ ಯಾರೂ ಕೂತು ಸಿನಿಮಾ ನೋಡಲ್ಲ. ಪಿಎಂಪಿಓ ಅಂತ ಸಾವಿರಗಟ್ಟಲೆ ವ್ಯಾಟ್ ಬರ್ದಿರೋದನ್ನಂತೂ ಓದೋದೇ ಬೇಡ.

ನಿಜವಾಗ್ಲೂ ವ್ಯಾಟ್ ಡಬಲ್ ಆಗಿದ್ರೂ ಸೌಂಡ್ ಏರೋದು 3 ಡೆಸಿಬಲ್ ಮಾತ್ರ, ಕೇಳೋವ್ರಿಗೆ "ಸ್ವಲ್ಪ ಜಾಸ್ತಿ ಆಯ್ತು" ಅನ್ಸೋ ಅಷ್ಟು. ಸೌಂಡ್ ಡಬಲ್ ಆದ ಹಾಗೆ ಅನ್ನಿಸ್ಬೇಕು ಅಂದ್ರೆ ಸುಮಾರು 10 ಡೆಸಿಬಲ್ ಏರ್ಬೇಕು, ಅದಕ್ಕೆ 10 ಪಟ್ಟು ವ್ಯಾಟ್ ಬೇಕು. ಅದಕ್ಕೇ ಸ್ಪೀಕರ್ ತಗೊಳ್ಳುವಾಗ ಸೆನ್ಸಿಟಿವಿಟಿ ಅನ್ನೋ ನಂಬರ್ ನೋಡಿ, 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರತ್ತೆ ಅನ್ನೋದು ಅದು. ನಿಮ್ಮ ಹಾಲಿಗೇ ಲೆಕ್ಕ ಹಾಕೋಣ: ಸ್ಪೀಕರ್ 87 ಡೆಸಿಬಲ್, ನೀವು ಕೂರೋದು 3 ಮೀಟರ್ ಅಂದ್ರೆ ಸುಮಾರು 10 ಅಡಿ ದೂರ, ಅಷ್ಟು ದೂರಕ್ಕೆ ಒಂಬತ್ತು ಒಂಬತ್ತೂವರೆ ಡೆಸಿಬಲ್ ಇಳಿಯತ್ತೆ, ಆದ್ರೆ 50 ವ್ಯಾಟ್ ಕೊಟ್ರೆ 17 ಏರತ್ತೆ, ಅಲ್ಲಿಗೆ ಒಂದೇ ಸ್ಪೀಕರಿಂದ ಸುಮಾರು 94 ಡೆಸಿಬಲ್. ಇದು ಬಯಲಲ್ಲಿಟ್ಟ ಲೆಕ್ಕ, ರೂಮಲ್ಲಿ ಗೋಡೆಗಳಿಂದ ವಾಪಸ್ ಬರೋದು ಸೇರಿ ಇನ್ನೂ ಜಾಸ್ತಿನೇ ಆಗತ್ತೆ. ಮನೆಮಂದಿ ಕೂತು ನೋಡೋ ಸೌಂಡಿಗೆ ಇದು ಧಾರಾಳ. 87ರ ಬದಲು 90 ಡೆಸಿಬಲ್ ಸ್ಪೀಕರ್ ತಗೊಂಡ್ರೆ ರಿಸೀವರ್ ವ್ಯಾಟ್ ಡಬಲ್ ಮಾಡಿದಷ್ಟೇ ಆಯ್ತು. ಹಾಗಂತ ಈ ನಂಬರ್ ಒಂದನ್ನೇ ಹಿಡ್ಕೊಂಡು ಸ್ಪೀಕರ್ ಆರಿಸ್ಬೇಡಿ, ಜೋರಾಗಿ ಕೂಗೋದೂ ಚೆನ್ನಾಗಿ ಹಾಡೋದೂ ಬೇರೆ ಬೇರೆ.

ಸ್ಪೀಕರ್ ಆರಿಸೋದು ಕಿವಿಯಿಂದನೇ. ನಿಮಗೆ ಬಾಯಿಪಾಠ ಆಗಿರೋ ಹಾಡು, ಒಂದು ಗಂಡಸಿನ ದನಿ ಒಂದು ಹೆಂಗಸಿನ ದನಿ, ಹಿಂದೆ ವಾದ್ಯ ಕಮ್ಮಿ ಇರೋಂಥದ್ದು, ಫೋನಲ್ಲಿ ಇಟ್ಕೊಂಡು ಹೋಗಿ. ಕೇಳುವಾಗ ಎರಡು ಸ್ಪೀಕರಿನ ಸೌಂಡೂ ಒಂದೇ ಮಟ್ಟಕ್ಕೆ ತರ್ಸಿ ಹೋಲಿಸಿ, ಯಾಕಂದ್ರೆ ಒಂಚೂರು ಜೋರಾಗಿ ಕೇಳಿಸೋದೇ ನಮ್ಮ ಕಿವಿಗೆ ಯಾವಾಗ್ಲೂ ಚೆನ್ನಾಗಿದೆ ಅನ್ಸತ್ತೆ. ಸಣ್ಣ ಸೌಂಡಲ್ಲೂ ಒಂದ್ಸಲ ಕೇಳಿ. ದನಿ ಮೂಗಿಂದ ಬರ್ತಿದ್ಯಾ, ಡಬ್ಬದ ಒಳಗಿಂದ ಬರ್ತಿದ್ಯಾ, ಸ ಶ ಬಂದಾಗ ಕಿವಿ ಚುಚ್ಚತ್ತಾ, ಇಷ್ಟು ನೋಡಿದ್ರೆ ಸಾಕು. ಮುಂದಿನ ಮೂರೂ ಒಂದೇ ಕಂಪನಿ ಒಂದೇ ಸೀರೀಸ್ ಇರಲಿ, ಇಲ್ಲಾಂದ್ರೆ ಸ್ಕ್ರೀನಲ್ಲಿ ಕಾರು ಎಡದಿಂದ ಬಲಕ್ಕೆ ಹೋಗುವಾಗ ಮಧ್ಯದಲ್ಲಿ ಅದರ ದನಿನೇ ಬದಲಾಗತ್ತೆ. ಸರೌಂಡ್ ಎರಡು ಬೇರೆ ಕಂಪನಿಯದ್ದಾದ್ರೂ ಅಷ್ಟೇನೂ ತೊಂದ್ರೆ ಇಲ್ಲ. ಟವರ್ ಸ್ಪೀಕರೇ ಬೇಕು ಅಂತಲೂ ಇಲ್ಲ, ಒಳ್ಳೆ ಸಬ್‌ವೂಫರ್ ಇದ್ದಾಗ ಐದು ಇಂಚಿಂದ ಆರೂವರೆ ಇಂಚಿನ ವೂಫರ್ (ಕೆಳಗಿನ ಸ್ವರಗಳನ್ನ ಕೊಡೋ ದೊಡ್ಡ ಕೋನ್) ಇರೋ ಬುಕ್‌ಶೆಲ್ಫ್ ಸ್ಪೀಕರೇ ನಿಮ್ಮ ಹಾಲಿಗೆ ಸಾಕು.

ದುಡ್ಡು ಸಾಲ್ಲಿಲ್ಲಾಂದ್ರೆ ಐದೂ ಸ್ಪೀಕರ್ ಅಗ್ಗದ್ದು ತರೋ ಬದ್ಲು ಈಗ ಮುಂದಿನ ಮೂರು ಮತ್ತೆ ಸಬ್ ತಂದು 3.1 ಮಾಡ್ಕೊಳಿ, ಸರೌಂಡ್ ಮುಂದಿನ ವರ್ಷ ಬರಲಿ. ರಿಸೀವರಲ್ಲಿ ಇಲ್ಲದ ಸ್ಪೀಕರನ್ನ "None" (ಇಲ್ಲ) ಅಂತ ಇಟ್ರೆ ಅದರ ಸೌಂಡನ್ನ ಇರೋ ಸ್ಪೀಕರಿಗೇ ಹಂಚತ್ತೆ, ಏನೂ ಕಳೆದುಹೋಗಲ್ಲ.

ಆಮೇಲೆ ರಿಸೀವರ್. 7.2 ಅಂದ್ರೆ ಏಳು ಸ್ಪೀಕರಿಗೆ ಆಂಪ್ಲಿಫೈಯರ್, ಎರಡು ಸಬ್‌ವೂಫರಿಗೆ ಸಾಕೆಟ್. ಕಮ್ಮಿ ಬೆಲೆಯವುಗಳಲ್ಲಿ ಆ ಎರಡು ಸಾಕೆಟ್ಟಿಗೂ ಒಂದೇ ಸಿಗ್ನಲ್ ಹೋಗೋದು ಸಾಮಾನ್ಯ. ಏಳು ಚಾನೆಲ್ ತಗೊಳ್ಳೋದು ತಪ್ಪಲ್ಲ, ಮುಂದೆ ಎರಡು ಸ್ಪೀಕರ್ ಸೇರಿಸ್ಬೋದು. ಆದ್ರೆ ವ್ಯಾಟಿಗಿಂತ ಮುಂಚೆ ನೋಡ್ಬೇಕಾದ್ದು ಬೇರೆ ಇದೆ. ಈ-ಆರ್ಕ್ (ಟಿವಿಯ ಸೌಂಡನ್ನ ಎಚ್‌ಡಿಎಂಐ ಕೇಬಲ್ಲಲ್ಲೇ ರಿಸೀವರಿಗೆ ವಾಪಸ್ ತರೋ ದಾರಿ) ಇರೋ ಎಚ್‌ಡಿಎಂಐ ಇದ್ಯಾ, ನೀವು ಹಾಕೋ ಡಬ್ಬಗಳಿಗೆ ಸಾಕಾಗೋ ಅಷ್ಟು ಇನ್‌ಪುಟ್ ಇದ್ಯಾ, ನಿಮ್ಮ ಸ್ಪೀಕರ್ 4 ಓಮ್ ಆಗಿದ್ರೆ ಹಿಂದಿನ ಪ್ಯಾನೆಲ್ಲಲ್ಲಿ 4 ಓಮ್ ಆಗತ್ತೆ ಅಂತ ಬರ್ದಿದ್ಯಾ, ಮತ್ತೆ ಬಹಳ ಮುಖ್ಯವಾಗಿ ರೂಮ್ ಕರೆಕ್ಷನ್ ಯಾವುದಿದೆ. ಡೆನಾನ್, ಮರಾಂಟ್ಸ್‌ನಲ್ಲಿ ಆಡಿಸಿ, ಯಮಾಹಾದಲ್ಲಿ ವೈಪಾವೊ, ಆಂಕ್ಯೊದ ಹೊಸ ಕೆಲವು ಮಾಡೆಲಲ್ಲಿ ಡೈರಾಕ್ ಅಂತ ಬರತ್ತೆ. ಒಂದು ಮೈಕ್ ಕೊಡ್ತಾರೆ, ಅದನ್ನ ಕೂರೋ ಜಾಗದಲ್ಲಿಟ್ರೆ ಸ್ಪೀಕರುಗಳಿಂದ ಸದ್ದು ಬಿಟ್ಟು ದೂರ, ಲೆವೆಲ್ಲು, ರೂಮಿನ ಏರಿಳಿತ ಎಲ್ಲ ಅಳ್ಕೊಂಡು ಸರಿ ಮಾಡ್ಕೊಳತ್ತೆ. ಮೈಕನ್ನ ಸೋಫಾ ಮೇಲೆ ಎಸೀಬೇಡಿ, ಸ್ಟ್ಯಾಂಡಿಗೆ ಹಾಕಿ ಕಿವಿ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆಫ್ ಮಾಡಿ. ಮುಗಿದ ಮೇಲೆ ಮೆನು ತೆಗೆದು ನೋಡಿದ್ರೆ ಎಷ್ಟೋ ಸಲ ಮುಂದಿನ ಸ್ಪೀಕರನ್ನ "ಲಾರ್ಜ್" ಅಂತ ಇಟ್ಟಿರತ್ತೆ, ಅದನ್ನ "ಸ್ಮಾಲ್" ಮಾಡಿ ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಅಲ್ಲಿಂದ ಕೆಳಗಿನ ಬೇಸ್ ಸಬ್‌ವೂಫರಿಗೆ ಹೋಗತ್ತೆ, ಚಿಕ್ಕ ಸ್ಪೀಕರ್ ಒದ್ದಾಡೋದು ತಪ್ಪತ್ತೆ, ರಿಸೀವರಿಗೂ ಭಾರ ಇಳಿಯತ್ತೆ.

ಪ್ರಶ್ನೆ: ಫೈಟ್ ಬಂದ್ರೆ ಮನೆ ಅದುರತ್ತೆ, ಮಾತು ಬಂದ್ರೆ ಏನೂ ಕೇಳ್ಸಲ್ಲ. ನಮ್ಮತ್ತೆಯವರಿಗಂತೂ ಒಂದು ಡೈಲಾಗೂ ಅರ್ಥ ಆಗಲ್ಲ, ರಿಮೋಟ್ ಕೈಯಲ್ಲೇ ಇಟ್ಕೊಂಡು ಕೂರ್ಬೇಕು. ಸೆಂಟರ್ ಸ್ಪೀಕರ್ ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿದೆ. ಅದನ್ನೇ ಬದಲಾಯಿಸ್ಬೇಕಾ?

ಉತ್ತರ: ಮೇಡಂ, ಈಗ್ಲೇ ಬದಲಾಯಿಸ್ಬೇಡಿ. ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ. ಸೆಂಟರ್ ಖಾನೆ ಒಳಗಿದ್ರೆ ಅದರ ಸೌಂಡ್ ಮೇಲಿನ ಹಲಗೆಗೆ, ಪಕ್ಕದ ಹಲಗೆಗೆ ಬಡಿದು ದನಿ ಮಂಕಾಗತ್ತೆ, ಸಾಲದ್ದಕ್ಕೆ ಅದು ಮೊಣಕಾಲಿಗೆ ಗುರಿ ಇಟ್ಟಿರತ್ತೆ. ಸಿನಿಮಾದ ಮಾತೆಲ್ಲ ಹೆಚ್ಚಾಗಿ ಬರೋದೇ ಆ ಒಂದು ಸ್ಪೀಕರಿಂದ. ಮಾತು ಅರ್ಥ ಆಗೋದು ವ್ಯಂಜನಗಳಿಂದ. ಸ, ಶ, ತ, ಚ, ಕ ಇವುಗಳ ಗುರುತೆಲ್ಲ ಇರೋದು ಸುಮಾರು 2000 ಹರ್ಟ್ಸ್‌ನಿಂದ ಮೇಲೆ, ಆ ಸೌಂಡ್ ನೇರವಾಗಿ ಕಿವಿಗೆ ಬರ್ಬೇಕು, ದಾರೀಲಿ ಹಲಗೆ ಅಡ್ಡ ಇದ್ರೆ ಸ್ವರ ಮಾತ್ರ ಉಳ್ಕೊಂಡು "ಆ ಊ" ಅಂತ ಗುಂಯ್ ಅನ್ಸತ್ತೆ. ವಯಸ್ಸಾದವರ ಕಿವಿ ಮೊದ್ಲು ಮಂದ ಆಗೋದೂ ಈ ಮೇಲಿನ ಭಾಗದಲ್ಲೇ, ಅದಕ್ಕೇ ನಿಮ್ಮತ್ತೆಯವರಿಗೆ ಎಲ್ಲರಿಗಿಂತ ಮೊದ್ಲು ಕಷ್ಟ ಆಗ್ತಿರೋದು, ಅವರು ಗಮನ ಕೊಡ್ತಿಲ್ಲ ಅಂತ ಯಾರೂ ಅನ್ಕೋಬಾರ್ದು.

ಸ್ಪೀಕರನ್ನ ಖಾನೆಯಿಂದ ತೆಗೆದು ಸ್ಟ್ಯಾಂಡ್ ಮೇಲೆ ಇಡಕ್ಕಾದ್ರೆ ಇಡಿ. ಆಗಲ್ಲ ಅಂದ್ರೆ ಅದರ ಮುಖ ಹಲಗೆ ಅಂಚಿಗಿಂತ ಒಂಚೂರು ಮುಂದೆ ಬರೋ ಹಾಗೆ ಎಳೀರಿ, ಮುಂದಿನ ಭಾಗಕ್ಕೆ ಕೆಳಗಿಂದ ಎರಡು ರಬ್ಬರ್ ತುಂಡು ಕೊಟ್ಟು ಕೂತವರ ಮುಖದ ಕಡೆ ಎತ್ತಿ. ರಿಸೀವರಿನಲ್ಲಿ ಸೆಂಟರ್ ಲೆವೆಲ್ ಎರಡು ಮೂರು ಡೆಸಿಬಲ್ ಏರ್ಸಿ. ರಾತ್ರಿ ನೋಡುವಾಗ ನೈಟ್ ಮೋಡ್ ಅಥವಾ ಡೈನಮಿಕ್ ರೇಂಜ್ ಕಂಪ್ರೆಷನ್ ಅಂತ ಇರೋದನ್ನ ಆನ್ ಮಾಡಿ, ಅದು ಜೋರನ್ನ ತಗ್ಸಿ ಮೆಲ್ಲಗಿರೋದನ್ನ ಏರ್ಸತ್ತೆ, ಥಿಯೇಟರ್ ಎಫೆಕ್ಟ್ ಕಮ್ಮಿ ಆಗತ್ತೆ ನಿಜ ಆದ್ರೆ ಮಾತು ಕೇಳ್ಸತ್ತೆ. ಆಮೇಲೆ ಟಿವಿಯಿಂದ ಬರ್ತಿರೋದು ಸ್ಟೀರಿಯೋನಾ 5.1ಆ ಅಂತ ರಿಸೀವರ್ ಡಿಸ್‌ಪ್ಲೇ ನೋಡಿ. ಸ್ಟೀರಿಯೋ ಬಂದು ರಿಸೀವರೂ ಸ್ಟೀರಿಯೋ ಮೋಡಲ್ಲಿದ್ರೆ ಸೆಂಟರ್ ಸುಮ್ನೆ ಕೂತಿರತ್ತೆ, ಡಾಲ್ಬಿ ಸರೌಂಡ್ ಮೋಡಿಗೆ ಹಾಕಿದ್ರೆ ಮಾತು ಸೆಂಟರಿಗೆ ಬರತ್ತೆ.

ಇಷ್ಟಾದ್ಮೇಲೂ ಸೋಫಾದ ತುದೀಲಿ ಕೂತವರಿಗೆ ಮಾತ್ರ ಕೇಳ್ಸಲ್ಲ ಅಂದ್ರೆ ಆಗ ಸ್ಪೀಕರ್ ಬಗ್ಗೆ ಯೋಚನೆ ಮಾಡಿ. ಮಲಗಿಸಿದ ಸೆಂಟರಲ್ಲಿ ಮಧ್ಯ ಒಂದು ಟ್ವೀಟರ್ (ಮೇಲಿನ ಸ್ವರಗಳನ್ನ ಕೊಡೋ ಚಿಕ್ಕ ಭಾಗ), ಎರಡು ಪಕ್ಕ ಎರಡು ವೂಫರ್ ಇದ್ರೆ ಎದುರಿಗೆ ಕೂತವರಿಗೆ ಎರಡೂ ವೂಫರಿನ ಸೌಂಡ್ ಒಟ್ಟಿಗೆ ಬರತ್ತೆ, ಪಕ್ಕಕ್ಕೆ ಹೋದ ಹಾಗೆ ಒಂದು ಮುಂದೆ ಒಂದು ಹಿಂದೆ ಆಗಿ ಕೆಲವು ಫ್ರೀಕ್ವೆನ್ಸಿಯಲ್ಲಿ ಒಂದನ್ನೊಂದು ಅಳಿಸ್ಕೊಳತ್ತೆ. ಟ್ವೀಟರಿನ ಕೆಳಗೆ ಮಧ್ಯದ ಸ್ವರಗಳಿಗೆ ಒಂದು ಚಿಕ್ಕ ಮಿಡ್‌ರೇಂಜ್ ನಿಲ್ಲಿಸಿರೋ ತ್ರೀ-ವೇ ಸೆಂಟರಲ್ಲಿ ಈ ತೊಂದ್ರೆ ತುಂಬಾ ಕಮ್ಮಿ. ಎಲ್ಲ ಮನೆಮಂದಿ ಉದ್ದ ಸೋಫಾದಲ್ಲಿ ಕೂತು ನೋಡೋರು ಅಂಥದ್ದನ್ನೇ ತಗೊಳಿ ಅಂತ ನಾನು ಒತ್ತಿ ಹೇಳ್ತೀನಿ.

ಪ್ರಶ್ನೆ: ಹಳೇ ರೆಡಿಮೇಡ್ ಹೋಮ್ ಥಿಯೇಟರ್ ಸೆಟ್ಟಿನ ಸ್ಪೀಕರ್, ಸಬ್ ಇವೆ. ಹೊಸ ರಿಸೀವರಿಗೆ ಹಾಕ್ಬೋದಾ?

ಉತ್ತರ: ಹಿಂದೆ ಬರ್ದಿರೋ ಓಮ್ ನೋಡಿ. ಅಂಥ ಸೆಟ್ಟುಗಳಲ್ಲಿ 3 ಅಥವಾ 4 ಓಮ್ ಇರೋದು ಜಾಸ್ತಿ, ರಿಸೀವರ್ 6 ಓಮಿಂದ ಮೇಲೆ ಅಂತ ಹೇಳಿದ್ರೆ ಹಾಕ್ಬೇಡಿ, ಬಿಸಿಯಾಗಿ ಪ್ರೊಟೆಕ್ಷನ್ನಿಗೆ ಹೋಗಿ ಆಫ್ ಆಗತ್ತೆ. ಸಬ್‌ಗೆ ಕರೆಂಟ್ ವೈರ್ ಬೇರೆ ಇಲ್ಲಾಂದ್ರೆ ಅದು ಪ್ಯಾಸಿವ್, ಒಳಗೆ ಆಂಪ್ಲಿಫೈಯರ್ ಇಲ್ಲ, ರಿಸೀವರಿನ ಸಬ್ ಸಾಕೆಟ್ಟಿಂದ ನೇರ ನಡೆಯಲ್ಲ.

ಪ್ರಶ್ನೆ: ಟಿವಿ ಆಪಲ್ಲಿ ಅಟ್ಮಾಸ್ ಅಂತ ತೋರ್ಸತ್ತೆ, ರಿಸೀವರಲ್ಲಿ ಮಾತ್ರ ಬರೀ ಡಾಲ್ಬಿ ಡಿಜಿಟಲ್ ಅಂತ ಬರತ್ತೆ. ಟಿವಿಯಿಂದ ಆಪ್ಟಿಕಲ್ ಕೇಬಲ್ ಹಾಕಿದೀನಿ.

ಉತ್ತರ: ಆಪ್ಟಿಕಲ್ ಕೇಬಲ್ಲೇ ಕಾರಣ. ಅದರಲ್ಲಿ ಹಳೇ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ 5.1, ಇಲ್ಲಾ ಎರಡು ಚಾನೆಲ್ ಪಿಸಿಎಂ (ಕಂಪ್ರೆಸ್ ಮಾಡದ ಸೌಂಡ್) ಹೋಗತ್ತೆ, ಅಷ್ಟೇ ಅದರ ಶಕ್ತಿ. ಸ್ಟ್ರೀಮಿಂಗಲ್ಲಿ ಅಟ್ಮಾಸ್, ಅಂದ್ರೆ ತಲೆ ಮೇಲಿಂದಲೂ ಸೌಂಡ್ ಕೊಡೋ ಡಾಲ್ಬಿ ಫಾರ್ಮ್ಯಾಟ್, ಬರೋದು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ, ಅದು ಆಪ್ಟಿಕಲಲ್ಲಿ ಹೋಗಲ್ಲ. ಟಿವಿಯ ಯಾವ ಎಚ್‌ಡಿಎಂಐ ಪಕ್ಕ ಆರ್ಕ್ ಅಥವಾ ಈ-ಆರ್ಕ್ ಅಂತ ಬರ್ದಿದ್ಯೋ ಅದರಿಂದ ರಿಸೀವರಿನ ಎಚ್‌ಡಿಎಂಐ ಔಟಿಗೆ ಕೇಬಲ್ ಹಾಕಿ, ಎಲ್ಲಾ ಪೋರ್ಟಲ್ಲೂ ಅದು ಇರಲ್ಲ. ಎರಡರಲ್ಲೂ ಸಿಇಸಿ (ಎಚ್‌ಡಿಎಂಐ ಮೂಲಕ ಒಂದನ್ನೊಂದು ಕಂಟ್ರೋಲ್ ಮಾಡೋ ಸೆಟ್ಟಿಂಗ್) ಆನ್ ಮಾಡಿ, ಟಿವಿಯ ಆಡಿಯೋ ಸೆಟ್ಟಿಂಗಲ್ಲಿ ಪಿಸಿಎಂ ಅಂತಿದ್ರೆ ಆಟೋ ಅಥವಾ ಪಾಸ್‌ತ್ರೂ ಮಾಡಿ. ಸ್ಟ್ರೀಮಿಂಗಿಗೆ ಮಾಮೂಲಿ ಆರ್ಕೇ ಸಾಕು, ಟಿವಿ ಅದನ್ನ ಬಿಡೋದಾದ್ರೆ. ಬ್ಲೂ-ರೇಯ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಟಿವಿ ಮೂಲಕ ಬರ್ಬೇಕಾದ್ರೆ ಈ-ಆರ್ಕ್ ಬೇಕು, ಆದ್ರೆ ಪ್ಲೇಯರನ್ನ ನೇರ ರಿಸೀವರಿಗೇ ಹಾಕಿದ್ರೆ ಆ ರಗಳೆನೇ ಇಲ್ಲ. ಗೇಮ್ ಆಡೋರು ಸೆಕೆಂಡಿಗೆ 120 ಫ್ರೇಮಿನ 4ಕೆ ಬೇಕು ಅಂತ ರಿಸೀವರಿಗೆ ಜಾಸ್ತಿ ದುಡ್ಡು ಕೊಡ್ತಾರೆ, ಅದರ ಬದ್ಲು ಕನ್ಸೋಲನ್ನ ಟಿವಿಗೆ ಹಾಕಿ ಸೌಂಡ್ ಮಾತ್ರ ಈ-ಆರ್ಕಲ್ಲಿ ರಿಸೀವರಿಗೆ ತಂದ್ರೂ ನಡಿಯತ್ತೆ.

ಪ್ರಶ್ನೆ: 7.1 ಮಾಡ್ಲಾ 5.1.2 ಮಾಡ್ಲಾ? ಸೋಫಾ ಹಿಂದಿನ ಗೋಡೆಗೆ ಅಂಟ್ಕೊಂಡೇ ಇದೆ, ಮುಂದೆ ಎಳ್ಯಕ್ಕೆ ಜಾಗ ಇಲ್ಲ.

ಉತ್ತರ: ಹಾಗಿದ್ರೆ 7.1 ಮರೆತುಬಿಡಿ, ಹಿಂದಿನ ಎರಡು ಸ್ಪೀಕರಿಗೆ ನಿಮ್ಮ ಬೆನ್ನ ಹಿಂದೆ ಜಾಗ ಬೇಕು, ತಲೆ ಪಕ್ಕದಲ್ಲೇ ಗೋಡೆಗೆ ಹೊಡೆದ್ರೆ ಕಿರಿಕಿರಿ ಆಗತ್ತೆ. ಅದೇ ಏಳು ಚಾನೆಲ್ಲಿನ ರಿಸೀವರಲ್ಲಿ 5.1.2 ಆಗತ್ತೆ, ಎರಡು ಸ್ಪೀಕರ್ ಮೇಲಕ್ಕೆ. ಅಟ್ಮಾಸ್ ಥಿಯೇಟರಿಗೆ ಬಂದಿದ್ದು 2012ರಲ್ಲಿ, ಮನೆ ರಿಸೀವರಿಗೆ 2014ರಲ್ಲಿ, ಹಾಗಾಗಿ ಈಗ ಸಿಗೋ ಏಳು ಚಾನೆಲ್ ಮಾಡೆಲಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರತ್ತೆ. ಸೀಲಿಂಗಲ್ಲಿ ಕೂರೋ ಜಾಗಕ್ಕಿಂತ ಸ್ವಲ್ಪ ಮುಂದೆ ಹಾಕಿ. ಸೀಲಿಂಗ್ ಕೊರೆಯಕ್ಕೆ ಆಗಲ್ಲ ಅನ್ನೋರು ಸ್ಪೀಕರ್ ಮೇಲೆ ಇಡೋ ಅಪ್‌ಫೈರಿಂಗ್ ಮಾಡ್ಯೂಲ್ ತಗೊಳ್ತಾರೆ, ಅದು ಕೆಲಸ ಮಾಡ್ಬೇಕಾದ್ರೆ ಸೀಲಿಂಗ್ ಸಪಾಟಾಗಿ ಗಟ್ಟಿಯಾಗಿರ್ಬೇಕು, ಇಳಿಜಾರು ಮಾಡು ಅಥವಾ ತೊಲೆ ಇರೋ ಕಡೆ ಬೇಡ. ಸರೌಂಡ್ ಎರಡನ್ನ ನಿಮ್ಮ ಪಕ್ಕದಲ್ಲಿ ಅಥವಾ ಒಂಚೂರು ಹಿಂದೆ, ಕಿವಿಗಿಂತ ಒಂದೆರಡು ಅಡಿ ಎತ್ತರದಲ್ಲಿ ಇಡಿ. ಸ್ಕ್ರೀನಿನ ನೇರವನ್ನ 0 ಅಂತಿಟ್ಕೊಂಡ್ರೆ ಪುಸ್ತಕದ ಲೆಕ್ಕದಲ್ಲಿ 110 ಡಿಗ್ರಿ, ಸೋಫಾ ಗೋಡೆಗಿದ್ರೆ 90ಕ್ಕೆ ಇಟ್ರೂ ಪರವಾಗಿಲ್ಲ.

ಪ್ರಶ್ನೆ: ಸಬ್‌ವೂಫರ್ ಮೂಲೇಲಿ ಇಟ್ಟಿದೀವಿ. ಸೋಫಾದಲ್ಲಿ ಬೇಸೇ ಇಲ್ಲ, ಅಡುಗೆಮನೆ ಬಾಗಿಲ ಹತ್ರ ನಿಂತ್ರೆ ಎದೆ ನಡುಗತ್ತೆ. ಸಬ್ ಕೆಟ್ಟಿದ್ಯಾ?

ಉತ್ತರ: ಸಬ್ ಚೆನ್ನಾಗೇ ಇದೆ, ರೂಮಿನ ಆಟ ಇದು. ಬೇಸಿನ ಅಲೆ ಬಹಳ ಉದ್ದ, ಎದುರು ಬದರು ಗೋಡೆ ಮಧ್ಯೆ ಹೋಗಿ ಬಂದು ಕೆಲವು ಕಡೆ ಕೂಡ್ಕೊಳತ್ತೆ, ಕೆಲವು ಕಡೆ ಕಳ್ಕೊಳತ್ತೆ. ಉದಾಹರಣೆಗೆ 15 ಅಡಿ ಉದ್ದದ ರೂಮಲ್ಲಿ ಆ ಉದ್ದಕ್ಕೆ ಸುಮಾರು 38 ಹರ್ಟ್ಸ್‌ನಲ್ಲಿ ಗೋಡೆ ಹತ್ರ ಭಾರಿ ಬೇಸ್, ಸರಿಯಾಗಿ ನಡುಮಧ್ಯ ಏನೂ ಇಲ್ಲ. ನಿಮ್ಮ ಸೋಫಾ ಅಂಥ ಖಾಲಿ ಜಾಗದಲ್ಲಿ ಬಿದ್ದಿರ್ಬೇಕು. ವಾಲ್ಯೂಮ್ ಏರ್ಸಿದ್ರೆ ಬಾಗಿಲ ಹತ್ರ ಇನ್ನೂ ಗುಡುಗತ್ತೆ ಅಷ್ಟೆ, ರೂಮ್ ಕರೆಕ್ಷನ್ನೂ ಉಬ್ಬನ್ನ ಇಳಿಸತ್ತೆ ಆದ್ರೆ ಅಂಥ ಹೊಂಡ ತುಂಬಕ್ಕಾಗಲ್ಲ.

ಮಾಡ್ಬೇಕಾದ್ದು ಇಷ್ಟು. ಸಬ್‌ವೂಫರನ್ನ ಎತ್ತಿ ನೀವು ಕೂರೋ ಜಾಗದಲ್ಲೇ ಇಡಿ, ಸೋಫಾ ಮೇಲೇ ಇಟ್ರೂ ಸರಿ. ಬೇಸ್ ಗಿಟಾರ್ ಮೇಲೆ ಕೆಳಗೆ ಓಡಾಡೋ ಒಂದು ಹಾಡು ರಿಪೀಟ್ ಹಾಕಿ. ಈಗ ನೀವು ನೆಲದ ಮೇಲೆ ಮಂಡಿಯೂರಿ, ಸಬ್ ಇಡಕ್ಕಾಗೋ ಜಾಗಗಳಲ್ಲೆಲ್ಲ ಗೋಡೆ ಪಕ್ಕ ಮೆಲ್ಲಗೆ ಸರ್ಕೊಂಡು ಹೋಗಿ, ತಲೆ ಸಬ್ ಎತ್ತರದಲ್ಲೇ ಇರಲಿ. ಒಂದು ಕಡೆ ಒಂದೇ ಸ್ವರ ಗುಮ್ ಅಂತ ಉಬ್ಬತ್ತೆ, ಎರಡು ಅಡಿ ಸರಿದ್ರೆ ಅದೇ ಸ್ವರ ಮಾಯ, ಇನ್ನೊಂದು ಕಡೆ ಎಲ್ಲಾ ಸ್ವರಾನೂ ಬಿಡಿ ಬಿಡಿಯಾಗಿ ಒಂದೇ ಮಟ್ಟದಲ್ಲಿ ಎಣಿಸೋ ಹಾಗೆ ಕೇಳ್ಸತ್ತೆ. ಆ ಜಾಗಕ್ಕೆ ಗುರುತು ಹಾಕಿ ಸಬ್ ಅಲ್ಲಿಗೆ ತನ್ನಿ, ನೀವು ವಾಪಸ್ ಸೋಫಾಗೆ ಹೋಗಿ ಕೂತು ಕೇಳಿ. ಸಬ್ ಮತ್ತೆ ಕಿವಿ ಜಾಗ ಅದಲು ಬದಲಾದ್ರೂ ಮಧ್ಯದ ಲೆಕ್ಕ ಒಂದೇ, ಅದಕ್ಕೇ ಇದು ಕೆಲಸ ಮಾಡೋದು. 80 ಹರ್ಟ್ಸ್ ಕೆಳಗಿನ ಸೌಂಡ್ ಯಾವ ದಿಕ್ಕಿಂದ ಬರ್ತಿದೆ ಅಂತ ಕಿವಿಗೆ ಸರಿಯಾಗಿ ಗೊತ್ತಾಗಲ್ಲ, ಹಾಗಾಗಿ ಸಬ್ ಪಕ್ಕದ ಗೋಡೇಲಿದ್ರೂ ಬೇಸ್ ಸ್ಕ್ರೀನಿಂದನೇ ಬಂದ ಹಾಗಿರತ್ತೆ. ಸೋಫಾನೇ ಒಂದಡಿ ಹಿಂದೆ ಮುಂದೆ ಆಗೋದಾದ್ರೆ ಅದನ್ನೂ ಮಾಡಿ ನೋಡಿ. ದುಡ್ಡಿದ್ದು ನಾಲ್ಕೈದು ಜನ ಕೂರೋ ಮನೆ ಆದ್ರೆ ಒಂದು ದೊಡ್ಡ ಸಬ್‌ಗಿಂತ ಎರಡು ಚಿಕ್ಕದು ಒಳ್ಳೇದು, ಒಂದರ ಹೊಂಡಾನ ಇನ್ನೊಂದು ತುಂಬತ್ತೆ.

ಪ್ರಶ್ನೆ: ಸ್ಪೀಕರ್ ವೈರಿಗೆ ಎಷ್ಟು ಖರ್ಚು ಮಾಡ್ಬೇಕು? ಚಿನ್ನದ ಲೇಪ ಇರೋದೇ ಬೇಕಾ?

ಉತ್ತರ: ಬೇಡ. ಶುದ್ಧ ತಾಮ್ರದ 16 ಗೇಜ್ ವೈರ್ ಸಾಕು, 8 ಓಮ್ ಸ್ಪೀಕರಿಗೆ 50 ಅಡಿವರೆಗೂ ನಡಿಯತ್ತೆ. ಅದಕ್ಕಿಂತ ಉದ್ದ ಆದ್ರೆ ಅಥವಾ 4 ಓಮ್ ಆದ್ರೆ 14 ಗೇಜ್ ಹಾಕಿ, ಗೇಜ್ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದಿರೋ ಸಿಸಿಎ ಅನ್ನೋದು ಅಗ್ಗಕ್ಕೆ ಸಿಗತ್ತೆ, ಅದರ ರೆಸಿಸ್ಟೆನ್ಸ್ ಜಾಸ್ತಿ, ತಗೊಂಡ್ರೆ ಒಂದು ಸೈಜ್ ದಪ್ಪದ್ದು ತಗೊಳಿ. ಕನೆಕ್ಷನ್ ಕೊಡುವಾಗ ರಿಸೀವರ್ ಪ್ಲಗ್ ಕಿತ್ತಿಟ್ಟೇ ಕೊಡಿ, ಸುಲಿದ ತುದೀಲಿ ಒಂದು ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಿದ್ರೂ ಶಾರ್ಟ್ ಆಗತ್ತೆ, ಹಾಗಾಗಿ ಎಳೆಗಳನ್ನ ಚೆನ್ನಾಗಿ ಹೊಸೆದು ಒಳಗೆ ಹಾಕಿ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಹೋಗಿದ್ಯಾ ಅಂತ ಎರಡೂ ತುದೀಲಿ ನೋಡಿ. ಒಂದು ಸ್ಪೀಕರ್ ಉಲ್ಟಾ ಆಗಿದ್ರೆ ಸ್ಟೀರಿಯೋ ಹಾಡಲ್ಲಿ ಹಾಡೋವ್ರ ದನಿ ಮಧ್ಯದಲ್ಲಿ ನಿಲ್ದೇ ರೂಮೆಲ್ಲ ಚೆದುರಿದ ಹಾಗೆ ಕೇಳ್ಸತ್ತೆ, ಹಾಗೆ ಆದ್ರೆ ಮೊದ್ಲು ಅಲ್ಲೇ ಹುಡುಕಿ.